ನೀರಿನೊಳಗೆ ಕಾಂಪ್ಯಾಕ್ಟ್ ಕ್ಯಾಮೆರಾ: ಆಟೋ ಬಿಟ್ಟ ಮೇಲೆ ಕೇಳುವ ಪ್ರಶ್ನೆಗಳು

ಪುಟ್ಟ ಕ್ಯಾಮೆರಾವನ್ನು ಹೌಸಿಂಗ್ (ನೀರು ನುಗ್ಗದ ಪೆಟ್ಟಿಗೆ) ಒಳಗೆ ಕೂರಿಸಿ ನೀರಿಗಿಳಿಯುವವರು ನನ್ನನ್ನು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಇವೇ. ಕೆಲವು ಮಾತಿನ ನಡುವೆ ಬಂದವು, ಕೆಲವು ಬರೆದು ಕೇಳಿದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಮುಳುಗಿನ ಪ್ರಶ್ನೆಗಳು

ನನ್ನ ಫೋಟೋ ಎಲ್ಲಾ ನೀಲಿ ನೀಲಿ. ಕ್ಯಾಮೆರಾ ಕೆಟ್ಟಿದೆಯಾ?

ಕ್ಯಾಮೆರಾ ಸರಿಯಾಗಿದೆ. ನೀರು ಬೆಳಕನ್ನು ನುಂಗುತ್ತದೆ, ಅದರಲ್ಲೂ ಕೆಂಪನ್ನು ಮೊದಲು ನುಂಗುತ್ತದೆ. ಸುಮಾರು 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆಯೇ ಹಳದಿ. ಕೊನೆಗೆ ಉಳಿಯುವುದು ಹಸಿರು ಮತ್ತು ನೀಲಿ. ಆಳದಲ್ಲಿ ಕೈ ತರಚಿದರೆ ರಕ್ತ ಕೂಡ ಹಸಿರಾಗಿ ಕಾಣುತ್ತದೆ. ನಮ್ಮ ಮೆದುಳು ಇದನ್ನೆಲ್ಲ ಸ್ವಲ್ಪ ಮಟ್ಟಿಗೆ ಸರಿಮಾಡಿಕೊಂಡು ನೋಡುತ್ತದೆ. ಕ್ಯಾಮೆರಾಗೆ ಆ ದಾಕ್ಷಿಣ್ಯ ಇಲ್ಲ.

ಒಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಲೆಕ್ಕಕ್ಕೆ ಬರುವುದು ಆಳ ಮಾತ್ರ ಅಲ್ಲ, ಬೆಳಕು ನೀರಿನಲ್ಲಿ ಸಾಗುವ ಒಟ್ಟು ದೂರ. ನೀವು 3 ಮೀಟರ್ ಆಳದಲ್ಲಿದ್ದು, ಮೀನು ನಿಮ್ಮಿಂದ ಇನ್ನೂ 3 ಮೀಟರ್ ಆಚೆ ಇದ್ದರೆ, ಬೆಳಕು 6 ಮೀಟರ್ ನೀರು ದಾಟಿ ಬಂದಿರುತ್ತದೆ. ಇದೊಂದು ಗೊತ್ತಿದ್ದರೆ ಕೆಳಗಿನ ಅರ್ಧ ಉತ್ತರಗಳನ್ನು ನೀವೇ ಊಹಿಸಬಹುದು.

ಹತ್ತಿರ ಹೋಗಿ ಅಂತೀರಿ. ಎಷ್ಟು ಹತ್ತಿರ? ಜೂಮ್ ಮಾಡಿದ್ರೆ ಆಗಲ್ವಾ?

ಜೂಮ್ ಮೀನನ್ನು ದೊಡ್ಡದು ಮಾಡುತ್ತದೆ, ನಡುವಿನ ನೀರನ್ನು ಕಡಿಮೆ ಮಾಡುವುದಿಲ್ಲ. ಕೈ ಚಾಚಿದರೆ ಇನ್ನೇನು ಸಿಕ್ಕೀತು ಅನ್ನಿಸುವ ದೂರವೇ ಸರಿಯಾದ ದೂರ. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ನೀರಿನಲ್ಲಿರುವುದು ಕಾಲು ಭಾಗ ಹತ್ತಿರ ಕಾಣುತ್ತದೆ. 75 ಸೆಂ.ಮೀ. ಅನ್ನಿಸಿದ್ದು ನಿಜಕ್ಕೂ ಒಂದು ಮೀಟರ್. ಹಾಗಾಗಿ 'ಸಾಕಷ್ಟು ಹತ್ತಿರ ಬಂದೆ' ಅನ್ನಿಸಿದ ಮೇಲೆ ಇನ್ನೂ ಸ್ವಲ್ಪ ಹೋಗಿ. ಆದರೆ ತೇಲುವಿಕೆ ಇನ್ನೂ ಹಿಡಿತಕ್ಕೆ ಬಂದಿಲ್ಲವಾದರೆ ಹವಳದ ಹತ್ತಿರ ಇದನ್ನು ಮಾಡಬೇಡಿ. ಕಾಲಿಗೆ ಹಾಕಿದ ಫಿನ್ನಿನ ಒಂದು ಹೊಡೆತಕ್ಕೆ ಮುರಿದ ಹವಳ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ಆಟೋದಲ್ಲೇ ಬಿಟ್ರೆ ಏನು ತಪ್ಪು?

ಬಿಸಿಲಿರುವಾಗ ಮೇಲ್ಮಟ್ಟದಲ್ಲೇ ಈಜಾಡುತ್ತಿದ್ದರೆ ಏನೂ ತಪ್ಪಿಲ್ಲ. ಕೆಳಗೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ, ಆಟೋ ಗಾಬರಿ ಬೀಳುತ್ತದೆ. ಶಟರ್ (ಬೆಳಕು ಒಳಬಿಡುವ ಬಾಗಿಲು) ನಿಧಾನ ಮಾಡುತ್ತದೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುತ್ತದೆ, ಕೇಳದೇ ಫ್ಲಾಶ್ ಹೊಡೆಯುತ್ತದೆ. ನಿಮಗೆ ಬೇಕಿದ್ದದ್ದು ಹಿಂದಿನ ನೀಲಿ ಗಾಢವಾಗಿ, ಮುಂದಿನ ಮೀನು ಬಣ್ಣಬಣ್ಣವಾಗಿ. ಅದು ಕೊಡುವುದು ಎರಡನ್ನೂ ಕಲಸಿದ ಬೂದು.

ರಾ ಬೇಕೇ ಬೇಕಾ? ಜೆಪೆಗ್ ಸಾಲದಾ?

ರಾ ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್, ಜೆಪೆಗ್ ಅಂದರೆ ತಿದ್ದಿ ಕುಗ್ಗಿಸಿದ್ದು. ಕ್ಯಾಮೆರಾದಲ್ಲಿ ರಾ ಇದ್ದರೆ ಅದನ್ನೇ ಹಾಕಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾ ಆದರೆ 4096. ನೀರಿನಲ್ಲಿ ಕೆಂಪು ಮೊದಲೇ ಬಡವಾಗಿರುತ್ತದೆ. ಆಮೇಲೆ ಅದನ್ನು ಎಳೆದು ಹಿಗ್ಗಿಸುವಾಗ ಮೆಟ್ಟಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಹಾಗಂತ ಇಲ್ಲದ ಕೆಂಪನ್ನು ರಾ ಹುಟ್ಟಿಸುವುದಿಲ್ಲ.

ದೋಣಿಯಿಂದ ಹಾರೋ ಮೊದಲು ಏನೇನು ನೋಡ್ಕೋಬೇಕು?

ವೈ-ಫೈ ಆಫ್. ಡಿಜಿಟಲ್ ಜೂಮ್ ಆಫ್. ತಾನಾಗಿ ಆಫ್ ಆಗುವ ಸಮಯವನ್ನು ಉದ್ದ ಮಾಡಿ, ಇಲ್ಲವಾದರೆ ಸರಿಯಾದ ಗಳಿಗೆಗೇ ಲೆನ್ಸ್ ಒಳಗೆ ಸೇರಿಕೊಳ್ಳುತ್ತದೆ. ಕಾರ್ಡ್ ಖಾಲಿ, ಬ್ಯಾಟರಿ ಭರ್ತಿ. ನೀರಿನಲ್ಲಿ ಪದೇ ಪದೇ ಬೇಕಾಗುವ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವುದು), ಮ್ಯಾಕ್ರೋ (ತೀರಾ ಹತ್ತಿರದ ಫೋಕಸ್), ಐಎಸ್ಒ ಮೂರನ್ನೂ ಹೌಸಿಂಗ್‌ನ ಗುಂಡಿಗೆ ಎಟುಕುವ ಶಾರ್ಟ್‌ಕಟ್‌ಗಳಿಗೆ ಹಾಕಿಕೊಳ್ಳಿ. ಗ್ಲೌಸ್ ಹಾಕಿಕೊಂಡು ಮೆನುವಿನ ನಾಲ್ಕನೇ ಪುಟ ಹುಡುಕುವುದು ಆಗದ ಕೆಲಸ.

ಹೌಸಿಂಗ್ ಮುಚ್ಚುವುದು ಮಾತ್ರ ಅವಸರದ ಕೆಲಸ ಅಲ್ಲವೇ ಅಲ್ಲ. ನಾನೊಮ್ಮೆ ಹರಟುತ್ತಾ ಮುಚ್ಚಿದೆ. ಓ ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಮೇಲೆ ಒಂದೇ ಒಂದು ತಲೆಗೂದಲು ಕೂತಿತ್ತು. ಮೂರು ಮೀಟರ್ ಇಳಿಯುವುದರೊಳಗೆ ಮೂಲೆಯಲ್ಲಿ ನೀರು ಗುಳುಗುಳು. ಆ ಕ್ಯಾಮೆರಾ ಮತ್ತೆ ಆನ್ ಆಗಲಿಲ್ಲ. ಆಳಕ್ಕೆ ಹೋದರೆ ನೀರಿನ ಒತ್ತಡವೇ ರಿಂಗನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಸೋರಿಕೆ ಮೇಲ್ಮಟ್ಟದಲ್ಲೇ ಜಾಸ್ತಿ. ಮೊದಲ ಒಂದು ನಿಮಿಷ ಹೌಸಿಂಗ್ ಮೇಲೆ ಕಣ್ಣಿಡಿ. ಒಳಗಿನ ಗಾಜಿಗೆ ಮಂಜು ಕಟ್ಟಬಾರದು ಅಂದರೆ ತಂಪಾದ, ಒಣಗಿದ ಜಾಗದಲ್ಲಿ ಮುಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಸೇರಿಸಿ.

## ಮ್ಯಾನ್ಯುಯಲ್ ಮೋಡಿಗೆ ತಿರುಗಿಸಿದ ಮೇಲೆ

ಮ್ಯಾನ್ಯುಯಲ್ ಅಂದ್ರೆ ಭಯ. ಸುಮ್ನೆ ಒಂದು ನಂಬರ್ ಹೇಳಿ, ಅಲ್ಲಿಂದ ಶುರು ಮಾಡ್ತೀನಿ.

ಒಂದು ಇಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಕ್ಯಾಮೆರಾ ಅಂದುಕೊಂಡು ಹೇಳುತ್ತೇನೆ. ಸ್ಟ್ರೋಬ್ (ಹೌಸಿಂಗ್ ಹೊರಗೆ ತೋಳಿನ ಮೇಲೆ ಕೂರಿಸುವ ಫ್ಲಾಶ್) ಇಲ್ಲದೆ ಬಿಸಿಲಿನ ಬೆಳಕಿನಲ್ಲೇ ತೆಗೆಯುವುದಾದರೆ ಅಪರ್ಚರ್ (ಲೆನ್ಸಿನ ಕಿಂಡಿ, ನಂಬರ್ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್ 4, ಶಟರ್ 1/125 ಸೆಕೆಂಡ್, ಐಎಸ್ಒ 200 ರಿಂದ 400. ಸ್ಟ್ರೋಬ್ ಹಾಕಿ ಅಗಲದ ದೃಶ್ಯ ತೆಗೆಯುವುದಾದರೆ ಎಫ್ 5.6, 1/160, ಐಎಸ್ಒ 200. ಸ್ಟ್ರೋಬ್ ಹಾಕಿ ಪುಟ್ಟ ಜೀವಿ ತೆಗೆಯುವುದಾದರೆ ಎಫ್ 8, 1/500, ಐಎಸ್ಒ 125.

ಇವು ಶುರುವಿನ ನಂಬರುಗಳು, ಅಷ್ಟೇ. ಒಂದು ಫೋಟೋ ತೆಗೆದು ನೋಡಿ, ಒಂದೇ ಒಂದು ಡಯಲ್ ತಿರುಗಿಸಿ, ಮತ್ತೊಂದು ತೆಗೆಯಿರಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಶಟರ್, ಅಪರ್ಚರ್, ಐಎಸ್ಒ, ಸ್ಟ್ರೋಬ್... ಯಾವುದನ್ನು ಮುಟ್ಟಿದ್ರೆ ಏನಾಗುತ್ತೆ, ತಲೆ ಕೆಡ್ತಿದೆ.

ನನ್ನನ್ನು ಕೇಳಿದರೆ ಇಡೀ ವಿದ್ಯೆ ಇರುವುದು ಇಲ್ಲೇ. ಸ್ಟ್ರೋಬ್ ಹಾಕಿದ ಫೋಟೋ ಅಂದರೆ ಒಂದರ ಮೇಲೊಂದು ಕೂತ ಎರಡು ಫೋಟೋ. ಒಂದು ಸೂರ್ಯನ ಬೆಳಕಿನದು, ಅಂದರೆ ಹಿಂದಿನ ನೀರು. ಇನ್ನೊಂದು ಸ್ಟ್ರೋಬ್ ಬೆಳಕಿನದು, ಅಂದರೆ ಮುಂದಿನ ಮೀನು.

ಸ್ಟ್ರೋಬ್ ಬೆಳಕು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಬಂದು ಹೋಗಿರುತ್ತದೆ. ಶಟರ್ ಇನ್ನೂ ಎಷ್ಟು ಹೊತ್ತು ತೆರೆದಿದೆ ಅನ್ನುವುದರಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ಸೂರ್ಯನ ಬೆಳಕು ಹಾಗಲ್ಲ, ಶಟರ್ ತೆರೆದಷ್ಟು ಹೊತ್ತೂ ಸುರಿಯುತ್ತಲೇ ಇರುತ್ತದೆ. ಹಾಗಾಗಿ ನೀರಿನ ಬಣ್ಣಕ್ಕೆ ಶಟರ್, ಮೀನಿನ ಬೆಳಕಿಗೆ ಸ್ಟ್ರೋಬ್ ಪವರ್. ಅಪರ್ಚರ್ ಮತ್ತು ಐಎಸ್ಒ ಎರಡರ ಮೇಲೂ ಒಟ್ಟಿಗೆ ಕೆಲಸ ಮಾಡುತ್ತವೆ. ನೀಲಿ ಬಿಳಿಚಿಕೊಂಡಿದೆಯಾ? 1/160 ಇದ್ದದ್ದನ್ನು 1/320 ಮಾಡಿ. ಮೀನು ಹಾಗೇ ಇರುತ್ತದೆ, ನೀರು ಗಾಢವಾಗುತ್ತದೆ. ಮೀನಿನ ಹೊಟ್ಟೆ ಸುಟ್ಟಂತೆ ಬಿಳಿಯಾಗಿದೆಯಾ? ಸ್ಟ್ರೋಬ್ ಪವರ್ ಇಳಿಸಿ, ಅಥವಾ ಸ್ಟ್ರೋಬನ್ನು ಸ್ವಲ್ಪ ಹಿಂದಕ್ಕೆ ಸರಿಸಿ.

ಈ ಆಟದಲ್ಲಿ ಕಾಂಪ್ಯಾಕ್ಟ್ ಕ್ಯಾಮೆರಾ ದೊಡ್ಡಣ್ಣಂದಿರಿಗಿಂತ ಮುಂದಿದೆ. ಡಿಎಸ್ಎಲ್ಆರ್‌ಗಳ ಪರದೆ ಶಟರ್ ಸಾಮಾನ್ಯವಾಗಿ 1/200, 1/250 ದಾಟಿದರೆ ಫ್ಲಾಶ್ ಜೊತೆ ಹೊಂದುವುದಿಲ್ಲ, ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಕಾಂಪ್ಯಾಕ್ಟ್‌ಗಳಲ್ಲಿ ಹೆಚ್ಚಾಗಿ ಇರುವುದು ಲೆನ್ಸ್ ಒಳಗಿನ ಎಲೆ ಶಟರ್. ಅದು 1/1000, ಕೆಲವೊಮ್ಮೆ 1/2000ದಲ್ಲೂ ಫ್ಲಾಶ್ ಜೊತೆ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ: ಪೂರ್ತಿ ಪವರಿನಲ್ಲಿ ಸ್ಟ್ರೋಬ್ ಕೆಲವು ಮಿಲಿಸೆಕೆಂಡ್ ಉರಿಯುತ್ತದೆ. ಶಟರ್ ತೀರಾ ವೇಗವಾದರೆ ಆ ಬೆಳಕಿನ ಬಾಲವೂ ಕತ್ತರಿಸಿ ಹೋಗುತ್ತದೆ.

ನನ್ನ ಕ್ಯಾಮೆರಾದಲ್ಲಿ ಮ್ಯಾನ್ಯುಯಲ್ ಇಲ್ವೇ ಇಲ್ಲ. ಈಗ?

ಒಲಿಂಪಸ್ ಟಿಜಿ ಸಾಲಿನ ಗಟ್ಟಿ ಕ್ಯಾಮೆರಾಗಳು ಹೀಗೇ. ಹೌಸಿಂಗ್ ಇಲ್ಲದೆಯೇ 15 ಮೀಟರ್ ಇಳಿಯುತ್ತವೆ, ಒಂದು ಸೆಂ.ಮೀ. ಹತ್ತಿರದಿಂದ ಫೋಕಸ್ ಮಾಡುತ್ತವೆ, ಆದರೆ ಪೂರ್ತಿ ಮ್ಯಾನ್ಯುಯಲ್ ಮೋಡ್ ಇಲ್ಲ. ಅಪರ್ಚರ್ ಆದ್ಯತೆಯ ಮೋಡ್ (ಅಪರ್ಚರ್ ನೀವು, ಶಟರ್ ಕ್ಯಾಮೆರಾ ಆರಿಸುವುದು) ಹಾಕಿ, ಐಎಸ್ಒ 100 ಅಥವಾ 200ಕ್ಕೆ ಕಟ್ಟಿಹಾಕಿ, ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋ ಒಟ್ಟಾರೆ ಎಷ್ಟು ಬೆಳಗಬೇಕು ಅನ್ನುವ ತಿದ್ದುಪಡಿ) ಮೈನಸ್ 0.7 ಅಥವಾ ಮೈನಸ್ 1 ಇಡಿ. ಹಿಂದಿನ ನೀರು ಗಾಢವಾಗುತ್ತದೆ. ಫ್ಲಾಶನ್ನು ಆಟೋಗೆ ಬಿಡದೆ ಯಾವಾಗಲೂ ಹೊಡೆಯುವಂತೆ ಇಡಿ.

ಎಫ್ 11 ಇಟ್ರೆ ಎಲ್ಲಾ ಶಾರ್ಪ್ ಆಗುತ್ತಲ್ವಾ?

ದೊಡ್ಡ ಕ್ಯಾಮೆರಾದವರ ನಂಬರನ್ನು ಇಲ್ಲಿಗೆ ತರಬೇಡಿ. ಒಂದು ಇಂಚಿನ ಸೆನ್ಸರ್ ಅಂದರೆ ಹೆಸರಿಗಷ್ಟೇ ಇಂಚು, ಅಳತೆ 13.2 × 8.8 ಮಿ.ಮೀ. ಅದರಲ್ಲಿ ಎಫ್ 4 ಇಟ್ಟಾಗ ಸಿಗುವ ಫೋಕಸ್ ಆಳ (ಹಿಂದೆ ಮುಂದೆ ಶಾರ್ಪ್ ಆಗಿ ಕಾಣುವ ದೂರ) ದೊಡ್ಡ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಹೆಚ್ಚುಕಡಿಮೆ ಎಫ್ 11 ಇಟ್ಟಾಗ ಸಿಗುವಷ್ಟು. ಎಫ್ 8 ದಾಟಿದರೆ ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡುತ್ತದೆ, ಇಡೀ ಫೋಟೋ ಸ್ವಲ್ಪ ಮೆತ್ತಗಾಗುತ್ತದೆ. ನಾನು ಎಫ್ 8 ದಾಟುವುದು ಸೂರ್ಯನನ್ನು ಅಡಗಿಸಬೇಕಾದಾಗ ಮಾತ್ರ.

ಐಎಸ್ಒ ಎಲ್ಲೀತನಕ ಏರಿಸಬಹುದು?

ಒಂದು ಇಂಚಿನ ಸೆನ್ಸರ್‌ನಲ್ಲಿ 800 ತನಕ ಧೈರ್ಯವಾಗಿ. ಅದಕ್ಕಿಂತ ಚಿಕ್ಕ ಸೆನ್ಸರ್ ಆದರೆ 400ಕ್ಕೇ ನಿಲ್ಲಿಸಿ. ನೀಲಿ ನೀರಿನ ನುಣುಪಾದ ಹಿನ್ನೆಲೆಯಲ್ಲಿ ಕಾಳು ಕಾಳು ಬೇಗ ಎದ್ದು ಕಾಣುತ್ತದೆ.

## ಬಣ್ಣ

ವೈಟ್ ಬ್ಯಾಲೆನ್ಸ್ ಕೈಯಾರೆ ಮಾಡೋದು ಹೇಗೆ? ಪ್ರತಿಸಲ ಮಾಡಬೇಕಾ?

ಸ್ಟ್ರೋಬ್ ಇಲ್ಲದೆ ತೆಗೆಯುವಾಗ ಮಾತ್ರ ಇದು ಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ. ಬರೆಯುವ ಬಿಳಿ ಸ್ಲೇಟನ್ನೋ, ಅದಿಲ್ಲದಿದ್ದರೆ ತಿಳಿ ಬಣ್ಣದ ಮರಳನ್ನೋ ಚೌಕಟ್ಟಿನ ತುಂಬ ಹಿಡಿದು ಅಳತೆ ತೆಗೆದುಕೊಳ್ಳಿ. ಮೀನಿನ ಮೇಲೆ ಬೀಳುತ್ತಿರುವ ಬೆಳಕೇ ಸ್ಲೇಟಿನ ಮೇಲೂ ಬೀಳುತ್ತಿರಬೇಕು. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಎಲ್ಲಾ ತಪ್ಪುತ್ತದೆ.

ಮೂರ್ನಾಲ್ಕು ಮೀಟರ್ ಆಳ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಕೆಳಗೆ ಅಳತೆ ತೆಗೆದು, ಮರೆತು, ಹಾಗೇ ಮೇಲೆ ಬಂದರೆ ಫೋಟೋಗಳು ಕುಂಕುಮದಲ್ಲಿ ಅದ್ದಿ ತೆಗೆದ ಹಾಗಿರುತ್ತವೆ. ನನ್ನ ಹತ್ತಿರ ಅಂಥ ಫೋಟೋಗಳ ಒಂದು ಫೋಲ್ಡರೇ ಇದೆ. ಸುಮಾರು 15 ಮೀಟರ್ ದಾಟಿದ ಮೇಲೆ ಈ ಉಪಾಯಕ್ಕೆ ಶಕ್ತಿ ಸಾಲದು. ಎಳೆಯಲು ಕೆಂಪೇ ಉಳಿದಿರುವುದಿಲ್ಲ.

ಸ್ಟ್ರೋಬ್ ಇದ್ದರೆ ಕಥೆಯೇ ಬೇರೆ. ಅದರ ಬೆಳಕು ಹಗಲಿನ ಬೆಳಕಿನ ಬಣ್ಣದ್ದು. ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟು ಮರೆತುಬಿಡಿ.

ಕೆಂಪು ಫಿಲ್ಟರ್ ಮತ್ತು ಸ್ಟ್ರೋಬ್ ಎರಡೂ ಹಾಕಿದ್ರೆ ಇನ್ನೂ ಚೆನ್ನಾಗಿ ಬರಲ್ವಾ?

ಇಲ್ಲ, ಎರಡರಲ್ಲಿ ಒಂದು. ಎರಡೂ ಸೇರಿದರೆ ಮುಂದಿನ ಮೀನು ಟೊಮೆಟೊ ಆಗುತ್ತದೆ. ಫಿಲ್ಟರ್ ಕೆಂಪನ್ನು ಸೇರಿಸುವುದಿಲ್ಲ, ನೀಲಿ ಹಸಿರನ್ನು ತಡೆಯುತ್ತದೆ. ಆದ್ದರಿಂದ ಒಂದು ಸ್ಟಾಪಿಗಿಂತ, ಅಂದರೆ ಅರ್ಧಕ್ಕಿಂತ, ಜಾಸ್ತಿ ಬೆಳಕು ಹೋಗುತ್ತದೆ. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮೆಜೆಂಟಾ ಫಿಲ್ಟರ್. ಬಿಸಿಲು ಚೆನ್ನಾಗಿರುವಾಗ, ಹೆಚ್ಚು ಆಳವಿಲ್ಲದ ಕಡೆ, ಸ್ಟ್ರೋಬಿಗೆ ಎಟುಕದ ದೊಡ್ಡ ದೃಶ್ಯಗಳಿಗೆ ಅದು ಹೇಳಿ ಮಾಡಿಸಿದ್ದು.

## ಸ್ಟ್ರೋಬ್

ಫೋಟೋ ತುಂಬಾ ಹಿಮ ಬಿದ್ದ ಹಾಗೆ ಬಿಳಿ ಚುಕ್ಕೆ. ಏನದು?

ನೀರಿನಲ್ಲಿ ತೇಲುವ ಮರಳು, ಪ್ಲಾಂಕ್ಟನ್, ಕಸ. ಕ್ಯಾಮೆರಾದ ಫ್ಲಾಶ್ ಲೆನ್ಸ್ ಪಕ್ಕದಲ್ಲೇ ಇರುವುದರಿಂದ ನಡುವಿನ ಕಣಗಳ ಮೇಲೆಲ್ಲ ಬೆಳಕು ಬಿದ್ದು ನೇರ ಲೆನ್ಸಿಗೇ ವಾಪಸ್ ಬರುತ್ತದೆ. ರಾತ್ರಿ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ.

ಮದ್ದು ಸೆಟ್ಟಿಂಗಿನಲ್ಲಿಲ್ಲ, ಸ್ಟ್ರೋಬ್ ಕೂರಿಸುವುದರಲ್ಲಿದೆ. ತೋಳುಗಳನ್ನು ಎರಡೂ ಕಡೆಗೆ ಅಗಲ ಮಾಡಿ. ಸ್ಟ್ರೋಬ್ ಮುಖ ಲೆನ್ಸ್ ಗಾಜಿಗಿಂತ ಸ್ವಲ್ಪ ಹಿಂದಿರಲಿ, ಮುಖ ಸ್ವಲ್ಪ ಹೊರಕ್ಕೆ ತಿರುಗಿರಲಿ. ಬೆಳಕಿನ ನಟ್ಟನಡುವಿನಿಂದ ಅಲ್ಲ, ಅಂಚಿನಿಂದ ಮೀನನ್ನು ಬೆಳಗಬೇಕು. ಆಗ ಲೆನ್ಸ್ ಮತ್ತು ಮೀನಿನ ನಡುವಿನ ನೀರು ಕತ್ತಲೆಯಾಗಿಯೇ ಉಳಿಯುತ್ತದೆ. ಮೀನು ಕಾಣುವ ಜಾಗಕ್ಕೇ ನೇರ ಗುರಿ ಇಟ್ಟರೆ, ಅದು ನಿಜಕ್ಕೂ ಇನ್ನಷ್ಟು ಹಿಂದೆ ಇರುವುದರಿಂದ, ಬೆಳಕೆಲ್ಲ ಖಾಲಿ ನೀರಿಗೆ ಹೋಗುತ್ತದೆ.

ಸ್ಟ್ರೋಬ್ ಪವರ್ ಪೂರ್ತಿ ಏರಿಸಿದ್ರೂ ಆ ಆಮೆ ಕಪ್ಪಾಗೇ ಬರ್ತಿದೆ.

ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಅದು ಗಾಳಿಯ ಲೆಕ್ಕ. ನೀರು ನುಂಗುವುದು ಅದರ ಮೇಲೆ. ಅದೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು, ಒಂದೂವರೆ ಮೀಟರ್ ಆಚೆಗೆ ಸ್ಟ್ರೋಬಿನಿಂದ ಬಣ್ಣ ಬರುವುದು ಕಷ್ಟ. ಆಮೆ ಮೂರು ಮೀಟರ್ ದೂರ ಇದ್ದರೆ ಸ್ಟ್ರೋಬ್ ಆಫ್ ಮಾಡಿ. ಬಿಸಿಲಿಗೆ ಎದುರಾಗಿ ಅದರ ಕಪ್ಪು ಆಕಾರವನ್ನೇ ತೆಗೆಯಿರಿ. ಹಲವು ಸಲ ಅದೇ ಒಳ್ಳೆಯ ಫೋಟೋ.

ಸ್ಟ್ರೋಬ್ ಒಂದ್ಸಲ ಹೊಡೆಯುತ್ತೆ, ಒಂದ್ಸಲ ಇಲ್ಲ. ಕೆಲವೊಮ್ಮೆ ಹೊಡೆದ್ರೂ ಫೋಟೋ ಕತ್ತಲೆ.

ಹೊಡೆದರೂ ಕತ್ತಲೆ ಅಂದರೆ ಮುಂಗಡ ಫ್ಲಾಶ್ ಗೊಂದಲ. ಟಿಟಿಎಲ್‌ನಲ್ಲಿ (ಫ್ಲಾಶ್ ಎಷ್ಟು ಬೇಕು ಅಂತ ಕ್ಯಾಮೆರಾ ತಾನೇ ಲೆಕ್ಕ ಹಾಕುವ ಮೋಡ್) ಕ್ಯಾಮೆರಾ ನಿಜವಾದ ಫ್ಲಾಶಿಗೆ ಮೊದಲು ಬೆಳಕು ಅಳೆಯಲು ಇನ್ನೊಂದನ್ನು ಹೊಡೆಯುತ್ತದೆ. ಸ್ಟ್ರೋಬ್ ಆ ಮೊದಲನೆಯದಕ್ಕೇ ಖಾಲಿಯಾಗಿಬಿಡುತ್ತದೆ. ಕ್ಯಾಮೆರಾ ಫ್ಲಾಶ್ ಟಿಟಿಎಲ್‌ನಲ್ಲಿದ್ದರೆ ಸ್ಟ್ರೋಬ್ ಮೇಲೂ ಮುಂಗಡ ಫ್ಲಾಶ್ ಇರುವ ಮೋಡ್ ಆರಿಸಿ. ಕ್ಯಾಮೆರಾ ಫ್ಲಾಶ್ ಮ್ಯಾನ್ಯುಯಲ್‌ನಲ್ಲಿದ್ದರೆ ಇಲ್ಲದ ಮೋಡ್.

ಹೊಡೆಯುವುದೇ ಇಲ್ಲ ಅಂದರೆ ಕ್ಯಾಮೆರಾ ಫ್ಲಾಶಿನ ಬೆಳಕನ್ನು ಸ್ಟ್ರೋಬಿಗೆ ಒಯ್ಯುವ ಫೈಬರ್ ಕೇಬಲ್ ಸರಿದಿದೆಯಾ ನೋಡಿ. ಆಮೇಲೆ ಸದ್ದಿಲ್ಲದ ಶಟರ್ ಆನ್ ಆಗಿದೆಯಾ ನೋಡಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸಾಮಾನ್ಯವಾಗಿ ಫ್ಲಾಶ್ ಹೊಡೆಯುವುದಿಲ್ಲ.

ಟಿಟಿಎಲ್ ಒಳ್ಳೇದಾ, ಮ್ಯಾನ್ಯುಯಲ್ಲಾ?

ಪುಟ್ಟ ಜೀವಿಗಳಿಗೆ, ಚೌಕಟ್ಟು ತುಂಬಿದ್ದರೆ ಟಿಟಿಎಲ್ ಚೆನ್ನಾಗಿಯೇ ಅಳೆಯುತ್ತದೆ. ಅಗಲದ ದೃಶ್ಯದಲ್ಲಿ ನೀಲಿ ನೀರೇ ಜಾಸ್ತಿ ಇರುವಾಗ ಅದು ಮೋಸಹೋಗಿ ಬೆಳಕು ಸುರಿಯುತ್ತದೆ. ನನ್ನ ಆಯ್ಕೆ ಮ್ಯಾನ್ಯುಯಲ್. ಅದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಮೆರಾದ ಫ್ಲಾಶನ್ನು ಅತಿ ಕಡಿಮೆಗೆ, ಅಂದರೆ 1/64 ಅಥವಾ ಅದಕ್ಕೆ ಹತ್ತಿರದ ಪವರಿಗೆ ಇಳಿಸಬಹುದು. ಸ್ಟ್ರೋಬನ್ನು ಎಬ್ಬಿಸಲು ಅಷ್ಟು ಮಿಣುಕು ಸಾಕು. ಫ್ಲಾಶ್ ಮತ್ತೆ ತಯಾರಾಗಲು ಕಾಯಬೇಕಿಲ್ಲ, ಬ್ಯಾಟರಿಯೂ ಉಳಿಯುತ್ತದೆ.

## ಇನ್ನೂ ಆಳಕ್ಕೆ

ಹೂವಿನ ಗುರುತಿನ ಮ್ಯಾಕ್ರೋ ಇದ್ದ ಮೇಲೆ ಕ್ಲೋಸಪ್ ಲೆನ್ಸ್ ಯಾಕೆ?

ಆ ಮೋಡ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುವುದು ಜೂಮ್ ಪೂರ್ತಿ ಹಿಂದಕ್ಕಿದ್ದಾಗ. ಆಗ ಗಾಜು ಜೀವಿಯ ಮೂಗಿಗೇ ತಾಗುವಷ್ಟು ಹತ್ತಿರ ಹೋಗಬೇಕು. ಸೀಗಡಿ ಓಡಿಹೋಗುತ್ತದೆ. ಓಡದಿದ್ದರೂ ಹೌಸಿಂಗ್ ನೆರಳು ಬಿದ್ದು ಸ್ಟ್ರೋಬ್ ಬೆಳಕಿಗೆ ದಾರಿ ಇರುವುದಿಲ್ಲ. ಹೌಸಿಂಗ್ ಮುಂದೆ ಕೂರುವ ಕ್ಲೋಸಪ್ ಲೆನ್ಸ್ ಹಾಕಿ ಜೂಮನ್ನು ಪೂರ್ತಿ ಮುಂದಕ್ಕೆ ಚಾಚಿದರೆ ಅದೇ ಗಾತ್ರ ದೂರದಿಂದಲೇ ಸಿಗುತ್ತದೆ. ಪ್ಲಸ್ 10 ಶಕ್ತಿಯ ಲೆನ್ಸ್ ಅಂದರೆ ಸುಮಾರು 10 ಸೆಂ.ಮೀ. ದೂರ. ಪ್ಲಸ್ 5 ಅಂದರೆ 20 ಸೆಂ.ಮೀ. ಕಲಿಯುವವರಿಗೆ ಪ್ಲಸ್ 5, ಪ್ಲಸ್ 6 ಸಾಕು. ಅದಕ್ಕಿಂತ ಮೇಲಿನದರಲ್ಲಿ ಫೋಕಸ್ ಆಳ ಕೆಲವೇ ಮಿ.ಮೀ., ಉಸಿರೆಳೆದರೂ ತಪ್ಪುತ್ತದೆ.

ಫೋಕಸ್ ಹಿಂದೆ ಮುಂದೆ ಹುಡುಕ್ತಾನೇ ಇರುತ್ತೆ. ಅಷ್ಟರಲ್ಲಿ ಮೀನು ಮಾಯ.

ಬೆಳಕು ಸಾಲದೆ ಹಾಗಾಗುತ್ತದೆ. ಫೋಕಸ್ ಟಾರ್ಚ್ ಒಂದು ಇರಲಿ. ಅದರಲ್ಲಿ ಕೆಂಪು ಬೆಳಕಿದ್ದರೆ ಇನ್ನೂ ಒಳ್ಳೆಯದು, ಎಷ್ಟೋ ಜೀವಿಗಳು ಅದಕ್ಕೆ ಬೆದರುವುದಿಲ್ಲ. ಫೋಕಸ್ ಬಿಂದು ಒಂದೇ ಇರಲಿ, ಚಿಕ್ಕದಾಗಿರಲಿ, ಕಣ್ಣಿನ ಮೇಲೆ ಕೂರಲಿ. ತೀರಾ ಹತ್ತಿರದ ಮ್ಯಾಕ್ರೋಗೆ ನಾನು ಮಾಡುವುದು ಬೇರೆ. ಒಮ್ಮೆ ಫೋಕಸ್ ಮಾಡಿ ಅಲ್ಲೇ ಬೀಗ ಹಾಕಿ, ಫೋಕಸ್ ಪೀಕಿಂಗ್ (ಫೋಕಸ್ ಆದ ಕಡೆ ಬಣ್ಣದ ಗೆರೆ ತೋರಿಸುವುದು) ಆನ್ ಮಾಡಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತೇನೆ. ಕಣ್ಣಿನ ಮೇಲೆ ಬಣ್ಣದ ಗೆರೆ ಮಿನುಗಿದ ಕೂಡಲೇ ಕ್ಲಿಕ್.

ಹಿಂದೆ ಪೂರ್ತಿ ಕಪ್ಪು ಬರೋ ಫೋಟೋ ರಾತ್ರಿ ತೆಗೆದದ್ದಾ?

ಹೆಚ್ಚಿನವು ಹಾಡಹಗಲಲ್ಲೇ. ಎಫ್ 8, 1/1000, ಕಡಿಮೆ ಐಎಸ್ಒ ಇಟ್ಟರೆ ಸೂರ್ಯನ ಬೆಳಕಿನ ಫೋಟೋ ಮಸಿಯಾಗುತ್ತದೆ, ಸ್ಟ್ರೋಬಿನದು ಮಾತ್ರ ಉಳಿಯುತ್ತದೆ. ಆದರೆ ಜೀವಿಯ ಹಿಂದೆ ಖಾಲಿ ನೀರಿರಬೇಕು. ಹತ್ತು ಸೆಂ.ಮೀ. ಹಿಂದೆ ಬಂಡೆ ಇದ್ದರೆ ಸ್ಟ್ರೋಬ್ ಅದನ್ನೂ ಬೆಳಗುತ್ತದೆ. ಕ್ಯಾಮೆರಾ ಸ್ವಲ್ಪ ಕೆಳಗಿಟ್ಟು ಮೇಲ್ಮುಖವಾಗಿ ನೋಡಿ, ಖಾಲಿ ನೀರು ಸಿಕ್ಕೇ ಸಿಗುತ್ತದೆ.

ಸೂರ್ಯನನ್ನು ಸೇರಿಸಿ ತೆಗೆದ್ರೆ ಬಿಳಿ ಹೊಂಡ ಆಗುತ್ತೆ.

ಶಟರ್ ಅಂಜಿಕೆಯಿಲ್ಲದೆ ಏರಿಸಿ. ಕಿರಣಗಳಿಗೆ 1/500, ಸೂರ್ಯನ ಗುಂಡಿಗೇ 1/1000 ಅಥವಾ ಮೇಲೆ. ಎಲೆ ಶಟರ್ ಇರುವುದೇ ಇಂಥ ದಿನಕ್ಕೆ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿದ್ದಾಗ ಕಿರಣ ಚೆನ್ನಾಗಿ ಬಿಡಿಬಿಡಿಯಾಗಿ ಬೀಳುತ್ತವೆ, ಅದೂ ಮೇಲಿನ ಹತ್ತು ಮೀಟರಿನೊಳಗೆ. ಬಂಡೆಯ ಅಂಚಿಗೆ ಅರ್ಧ ಸೂರ್ಯನನ್ನು ಮರೆಮಾಡುವುದು ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ.

ಕೆಳಗಿನಿಂದ ನೇರ ಮೇಲೆ ನೋಡಿದರೆ ಇಡೀ ಆಕಾಶ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದಲ್ಲ, ಅದರ ಅಗಲ ಸುಮಾರು 97 ಡಿಗ್ರಿ. ಚಪ್ಪಟೆ ಗಾಜಿನ ಹಿಂದೆ 24 ಮಿ.ಮೀ. ಲೆನ್ಸ್ ನೀರಿನಲ್ಲಿ 32 ಮಿ.ಮೀ. ಆಗಿಬಿಡುತ್ತದೆ, ಅಂದರೆ ಕಾಣುವ ಅಗಲ ಕಿರಿದಾಗುತ್ತದೆ, ಕಿಟಕಿ ಪೂರ್ತಿ ಹಿಡಿಸುವುದಿಲ್ಲ. ಅದಕ್ಕೆ ಅಗಲದ ವೆಟ್ ಲೆನ್ಸೇ (ನೀರಿನೊಳಗೇ ಹಾಕಿ ತೆಗೆಯಬಹುದಾದ ಲೆನ್ಸ್) ಬೇಕು.

ಅಗಲದ ವೆಟ್ ಲೆನ್ಸ್ ಹಾಕಿದ್ಮೇಲೆ ಫೋಕಸ್ಸೇ ಆಗ್ತಿಲ್ಲ.

ಮ್ಯಾಕ್ರೋ ಮೋಡ್ ಆನ್ ಮಾಡಿ. ವಿಚಿತ್ರ ಅನ್ನಿಸಬಹುದು, ಆದರೆ ಗುಮ್ಮಟದಂಥ ಗಾಜಿನ ಮುಂದೆ ದೂರದ ದೃಶ್ಯವೂ ಗಾಜಿನ ಹತ್ತಿರವೇ ಇದ್ದಂತೆ ಕ್ಯಾಮೆರಾಗೆ ಕಾಣುತ್ತದೆ. ಇನ್ನೊಂದು ಕಾರಣ ಗುಳ್ಳೆ. ಲೆನ್ಸ್ ಮತ್ತು ಹೌಸಿಂಗ್ ಗಾಜಿನ ನಡುವೆ ಗಾಳಿ ಸಿಕ್ಕಿಕೊಂಡರೆ ಅರ್ಧ ಫೋಟೋ ಮಬ್ಬು. ನೀರಿಗಿಳಿದ ಕೂಡಲೇ ಲೆನ್ಸನ್ನು ಒಮ್ಮೆ ಬಿಚ್ಚಿ, ಬೆರಳಿನಿಂದ ಗುಳ್ಳೆ ಒರೆಸಿ, ಮತ್ತೆ ಹಾಕಿ.

ಸ್ಕ್ರೀನಲ್ಲಿ ಚೆನ್ನಾಗಿತ್ತು, ಮನೆಗೆ ಬಂದು ನೋಡಿದ್ರೆ ಎಲ್ಲಾ ಕತ್ತಲೆ.

ಮಬ್ಬು ನೀರಿನಲ್ಲಿ ಸ್ಕ್ರೀನ್ ದೀಪದ ಹಾಗೆ ಹೊಳೆಯುತ್ತದೆ, ಕತ್ತಲೆ ಫೋಟೋ ಕೂಡ ಚೆಂದ ಕಾಣುತ್ತದೆ. ಸ್ಕ್ರೀನ್ ಬೆಳಕನ್ನು ಒಂದೇ ಮಟ್ಟಕ್ಕೆ ಕಟ್ಟಿ, ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸುವ ಗುಡ್ಡದಂಥ ಗ್ರಾಫ್) ನಂಬಿ. ಗುಡ್ಡ ಪೂರ್ತಿ ಎಡಕ್ಕೆ ಕುಸಿದು ಬಲ ಅರ್ಧ ಖಾಲಿಯಿದ್ದರೆ ಬೆಳಕು ಕಡಿಮೆ. ಕಪ್ಪು ಹಿನ್ನೆಲೆಯ ಮ್ಯಾಕ್ರೋ ಮಾತ್ರ ಎಡಕ್ಕೇ ಇರುತ್ತದೆ, ಅದಕ್ಕೆ ಚಿಂತೆ ಬೇಡ. ಅಲ್ಲಿ ನೋಡಬೇಕಾದದ್ದು ಬಿಳಿಯಾಗಿ ಸುಟ್ಟ ಜಾಗ ಸ್ಕ್ರೀನಿನಲ್ಲಿ ಮಿನುಗುತ್ತಿದೆಯೇ ಅಂತ.

ಮೀನು ಓಡ್ತಿರೋ ಹಾಗೆ ಹಿಂದೆ ಗೆರೆ ಎಳೆದಂಥ ಫೋಟೋ ತೆಗೀಬೇಕು.

ಮೇಲೆ ಹೇಳಿದ್ದನ್ನೆಲ್ಲ ತಿರುವು ಮುರುವು ಮಾಡಿ. ಶಟರ್ 1/8 ರಿಂದ 1/20. ಅಪರ್ಚರ್ ಎಫ್ 8, ಐಎಸ್ಒ ಅತಿ ಕಡಿಮೆ, ಇಲ್ಲವಾದರೆ ಹಿಂದಿನ ನೀರು ಬೆಳ್ಳಗಾಗುತ್ತದೆ. ಬಿಸಿಲು ಜೋರಿದ್ದರೆ ಆಗುವುದಿಲ್ಲ, ಮೋಡದ ದಿನ ಅಥವಾ ಇನ್ನೂ ಆಳ ಬೇಕು. ಫ್ಲಾಶನ್ನು ಹಿಂಪರದೆಗೆ ಹಾಕಿ. ಅಂದರೆ ಶಟರ್ ಮುಚ್ಚುವ ಮುನ್ನ ಹೊಡೆಯುವಂತೆ. ಆಗ ಗೆರೆಗಳು ಮೀನಿನ ಹಿಂದೆ ಬೀಳುತ್ತವೆ. ಮೊದಲೇ ಹೊಡೆದರೆ ಮೀನು ಹಿಂದಕ್ಕೆ ಈಜಿದಂತೆ ಕಾಣುತ್ತದೆ. ಇನ್ನು ಮೀನಿನ ಜೊತೆಗೇ ಕ್ಯಾಮೆರಾ ಸರಿಸುತ್ತಾ ಕ್ಲಿಕ್ ಮಾಡಿ, ಕ್ಲಿಕ್ ಆದ ಮೇಲೂ ಕೈ ನಿಲ್ಲಿಸಬೇಡಿ. ಮೂವತ್ತು ತೆಗೆದರೆ ಒಂದು ಉಳಿಯುತ್ತದೆ. ನನಗಂತೂ ಅಷ್ಟೇ.